ಕುರುಗೋಡಿನ ಅಂಗಳದಿಂದ ಜೆಕ್ ಗರಡಿಗೆ

ಬಳ್ಳಾರಿ

ವಿದೇಶಕ್ಕೆ ಹೋಗಿ ಬಂದವರನ್ನು ಜನ "ಏನೇನು ನೋಡಿದಿರಿ?" ಎಂದು ಕೇಳುವುದು ವಾಡಿಕೆ. ನನ್ನನ್ನು ಮಾತ್ರ ನಮ್ಮ ಗಾಂಧಿನಗರದ ಓಣಿಯವರು "ಪೆಟ್ಟು ಎಲ್ಲೆಲ್ಲಿ ಬಿದ್ದಾವ್ರಿ?" ಎಂದು ಕೇಳಿದರು. ಅವರದೇನೂ ತಪ್ಪಿಲ್ಲ. ನಾನು ಜೆಕ್ ದೇಶಕ್ಕೆ ಹೋಗಿದ್ದು ಅರಮನೆ ನೋಡಲಿಕ್ಕಲ್ಲ, ಸೇತುವೆಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲಿಕ್ಕೂ ಅಲ್ಲ. ಉದ್ದ ಕತ್ತಿಯ ಕಾಳಗದಲ್ಲಿ ಹೊಡೆತ ತಿನ್ನಲಿಕ್ಕೆ. ಸಮುದ್ರ ದಾಟಿ ಹೋಗಿ, ಕೇಳಿ ಹೊಡೆಸಿಕೊಂಡು ಬಂದ ಬಳ್ಳಾರಿಯವನು ನಾನೊಬ್ಬನೇ ಇರಬೇಕು.

ನಾನು ಜೀನ್ಸ್ ಕಟಿಂಗ್ ಮಾಸ್ಟರ್. ಹುಟ್ಟಿದ್ದು ಸಿರುಗುಪ್ಪದಲ್ಲಿ, ಹೊಟ್ಟೆಪಾಡು ಬಳ್ಳಾರಿಯಲ್ಲಿ. ನಮ್ಮದು ಸಣ್ಣ ಯೂನಿಟ್ಟು. ರೂಪನಗುಡಿ, ಕೊಳಗಲ್ಲು ಕಡೆಯಿಂದ ಬರುವ ಹೆಣ್ಣುಮಕ್ಕಳು ಮಷೀನಿನ ಮುಂದೆ ಕೂತರೆ, ನಾನು ಉದ್ದನೆಯ ಮೇಜಿನ ಮುಂದೆ ಸೀಮೆಸುಣ್ಣ ಹಿಡಿದು ನಿಲ್ಲುತ್ತೇನೆ. ಆರ್ಡರು ಇಲ್ಲದ ಒಂದು ಮಧ್ಯಾಹ್ನ ಫೋನು ತಿಕ್ಕುತ್ತಾ ಕೂತಿದ್ದಾಗ ಒಂದು ವಿಡಿಯೋ ಕಣ್ಣಿಗೆ ಬಿತ್ತು. ನೂರಾರು ವರ್ಷಗಳ ಹಿಂದೆ ಯುರೋಪಿನವರು ಎರಡೂ ಕೈಯಲ್ಲಿ ಹಿಡಿದು ಬೀಸುತ್ತಿದ್ದ ಉದ್ದ ಕತ್ತಿಯ ವಿದ್ಯೆ ಅದು. ಗುರುವಿನಿಂದ ಶಿಷ್ಯನಿಗೆ ಬರುವ ದಾರಿ ಅಲ್ಲಿ ಯಾವತ್ತೋ ಕಡಿದುಹೋಗಿದೆ. ಉಳಿದದ್ದು ಹಳೆಯ ಕೈಬರಹದ ಪುಸ್ತಕಗಳು, ಅವುಗಳೊಳಗಿನ ಚಿತ್ರಗಳು. ಆ ಚಿತ್ರಗಳನ್ನು ನೋಡಿ ನೋಡಿ ಈಗಿನವರು ವಿದ್ಯೆಯನ್ನು ಮತ್ತೆ ಎಬ್ಬಿಸಿ ನಿಲ್ಲಿಸುತ್ತಿದ್ದಾರೆ.

ಪ್ಯಾಂಟು ಹರಿದುಹೋಗಿ ಪ್ಯಾಟರ್ನ್ ಕಾಗದ ಮಾತ್ರ ಉಳಿದರೆ ನನ್ನಂಥವನು ಮತ್ತೆ ಅದೇ ಪ್ಯಾಂಟನ್ನು ಹೊಲಿಸಬಲ್ಲ. ಹಾಗಾದರೆ ಇದೂ ನನ್ನಿಂದ ಆಗುತ್ತದೆ ಅನ್ನಿಸಿತು. ಸೊಕ್ಕು ಅನ್ನಿ. ಸಿರುಗುಪ್ಪದ ನಮ್ಮ ಓಣಿಯ ಬಡಿಗರಿಗೆ ಹೇಳಿ ತೇಗದ ತುಂಡಿನಲ್ಲಿ ಎರಡು ಕತ್ತಿ ಮಾಡಿಸಿದೆ. ಒಂದು ನನಗೆ. ಇನ್ನೊಂದು ಯಾರಿಗೆ ಎಂದು ಯೋಚಿಸಿರಲಿಲ್ಲ. ಗೆಳೆಯರನ್ನು ಕರೆದೆ, ಒಬ್ಬರೂ ಎರಡನೆಯ ಸಲ ಬರಲಿಲ್ಲ. ಹೆಂಡತಿ ಸುಜಾತ ಕತ್ತಿಯನ್ನು ಕೈಯಲ್ಲಿ ಹಿಡಿದು, ತೂಕ ನೋಡಿ, "ಇದ್ರಾಗ ಅಟ್ಟದ ಮ್ಯಾಲಿನ ಡಬ್ಬಿ ಇಳಿಸಬಹುದು ನೋಡ್ರಿ" ಎಂದು ವಾಪಸು ಕೊಟ್ಟಳು.

ಕುರುಗೋಡು

ಎರಡನೆಯ ಕತ್ತಿ ಕೊನೆಗೆ ಹಿಡಿದವರು ನನ್ನ ಮಾವ, ಅಂದರೆ ಸುಜಾತಳ ಅಪ್ಪ. ಕುರುಗೋಡಿನವರು. ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರಾಗಿ ನಿವೃತ್ತರಾದವರು. ಈಗಲೂ ಬೆಳಿಗ್ಗೆ ಎದ್ದರೆ ಕೊರಳಿಗೆ ಸೀಟಿ ಹಾಕಿಕೊಳ್ಳದೆ ಹೊರಗೆ ಬರುವವರಲ್ಲ. ಒಂದು ಭಾನುವಾರ ಊಟಕ್ಕೆ ಹೋದಾಗ ವಿಡಿಯೋ ತೋರಿಸಿದೆ. ಕನ್ನಡಕ ಏರಿಸಿ ಇಳಿಸಿ ನೋಡಿದರು.

"ನಿಂತ್ಕೊಳ್ಳೋ ವಿಧಾನಕ್ಕ ಹೆಸರು ಅದಾವೇನ್ರಿ ಅಳಿಯಾರ?"

"ಅದಾವ್ರಿ ಮಾವಾರ. ಇದಕ್ಕ ಎತ್ತು ಅಂತಾರ, ಇದಕ್ಕ ನೇಗಿಲು. ಇದು ಪೆದ್ದ. ಮ್ಯಾಲೆ ಎತ್ತಿ ಹಿಡದ್ರ ಮಾಳಿಗಿ."

"ಎತ್ತು, ನೇಗಿಲು! ಇದು ನಮ್ಮ ಒಕ್ಕಲುತನಾನ ಐತಲ್ರಿ" ಎಂದು ಮಾವ ಎದ್ದೇಬಿಟ್ಟರು.

ಅವರ ಪಡಸಾಲೆಯಲ್ಲಿ ದೊಡ್ಡದೊಂದು ಬುದ್ಧನ ಪಟವಿದೆ. ಅದರ ಮುಂದೆಯೇ ಮೊದಲ ಪಾಠ ಶುರುವಾಯಿತು. ಅಡುಗೆಮನೆಯಿಂದ ಅತ್ತೆ ಬಂದು ಪಟವನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, "ಅವನ ಮುಂದ ಕತ್ತಿ ಬೀಸಾಕ ನಾಚಿಕಿ ಬರಂಗಿಲ್ಲೇನ್ರಿ? ಹೊರಗ ನಡೀರಿ" ಎಂದರು. ಅಂದಿನಿಂದ ಅಂಗಳವೇ ನಮ್ಮ ಗರಡಿ. ತಲೆಗೆ ಕ್ರಿಕೆಟ್ ಹೆಲ್ಮೆಟ್ಟು, ಕೈಗೆ ಕ್ರಿಕೆಟ್ ಗ್ಲೌಸು. ಮೈಗೆ ಡೆನಿಮ್ಮಿನ ಪದರಗಳ ನಡುವೆ ಹತ್ತಿ ತುಂಬಿ ನಾನೇ ಹೊಲಿಸಿದ ದಪ್ಪ ಕೋಟು. ಬಳ್ಳಾರಿ ಜಿಲ್ಲೆಯ ಬಿಸಿಲಿನಲ್ಲಿ ಆ ಕೋಟು ಹಾಕಿಕೊಳ್ಳುವುದೇ ಒಂದು ಸಾಹಸ. ದಾರಿಹೋಕರು ಕಂಪೌಂಡಿನ ಆಚೆ ನಿಂತು "ಬಯಲಾಟದ ತಾಲೀಮೇನ್ರಿ ಮಾಸ್ತರ? ನಿಮ್ಮದು ಯಾವ ಪಾರ್ಟು?" ಎಂದು ಕೇಳುತ್ತಿದ್ದರು. ಮಾವ ಸೀಟಿ ಊದಿ ಅವರನ್ನು ಕಳಿಸುತ್ತಿದ್ದರು.

ಹೀಗೆ ಕೆಲವು ವರ್ಷ ಭಾನುವಾರಗಳು ಹೋದವು. ವಿಡಿಯೋ ನೋಡುವುದು, ನಿಲ್ಲಿಸುವುದು, ಮಾಡುವುದು. ಠಕ್ ಠಕ್ ಠಕ್. ಕತ್ತಿಗೆ ಕತ್ತಿ ತಗುಲುವ ಸದ್ದು ಕೇಳಿದರೆ ನಮ್ಮಿಬ್ಬರಿಗೂ ಹಬ್ಬ. ಒಮ್ಮೆ ನಾನು ನನ್ನ ಕೋಟಿನ ಫೋಟೋವನ್ನು ಇಂಟರ್ನೆಟ್ಟಿನಲ್ಲಿ ಈ ವಿದ್ಯೆಯವರ ಗುಂಪಿಗೆ ಹಾಕಿದೆ. ಜೆಕ್ ದೇಶದ ಒಂದು ಸಣ್ಣ ಊರಿನಿಂದ ಯಾನಾ ಎಂಬ ಗುರುಗಳು ಬರೆದರು: ಬೇಸಿಗೆಯಲ್ಲಿ ಒಂದು ವಾರ ನಮ್ಮಲ್ಲಿ ಶಿಬಿರವಿದೆ, ಗುರುವಿಲ್ಲದೆ ತಾವೇ ಕಲಿತವರೂ ಬರಬಹುದು. ಕೊನೆಯ ದಿನ ಉಕ್ಕಿನ ಕತ್ತಿಯ ಕಾಳಗ. ಆದರೆ ಅದಕ್ಕೆ ಯಾರು ಇಳಿಯಬಹುದು ಎನ್ನುವುದನ್ನು ಅವರೇ ನಿರ್ಧರಿಸುತ್ತಾರೆ.

ಮಾವನಿಗೆ ಹೇಳಿದೆ. ಅವರು ತಮ್ಮ ಹಳೆಯ ಶಾಲೆಗೆ ಹೋಗಿ, ನಾನು ಬಂದ ಮೇಲೆ ನಾವಿಬ್ಬರೂ ಸೇರಿ ಮೈದಾನದಲ್ಲಿ ಹುಡುಗಿಯರಿಗೆ ಕತ್ತಿವರಸೆ ಕಲಿಸುವುದಾಗಿ ಮಾತುಕೊಟ್ಟು ಬಂದುಬಿಟ್ಟರು. ಕೆಲವರು ಹೆಸರನ್ನೂ ಕೊಟ್ಟರಂತೆ.

"ಮಾವಾರ, ನಾವು ಕಲ್ತಿದ್ದು ಖರೇ ಕತ್ತಿ ವಿದ್ಯೆ ಹೌದೋ ಅಲ್ಲೋ ಅನ್ನೋದ ಇನ್ನಾ ಗೊತ್ತಿಲ್ಲಲ್ರಿ."

"ಅದಕ್ಕ ನಿಮ್ಮನ್ನ ಕಳಿಸಾಕತ್ತೀನಿ. ಕೇಳ್ಕೊಂಡು ಬರ್ರಿ. ಅಲ್ಲ ಅಂದ್ರ ಸಾಲಿಗೆ ಹೋಗಿ ನಾನ ಕೈ ಮುಗದು ಬರತೀನಿ."

ಇಷ್ಟು ಹೇಳಿ ನಕ್ಕರು. ಆದರೆ ನಿವೃತ್ತಿಯಾದ ಮೇಲೆ ಅವರು ಅಷ್ಟು ಹುರುಪಿನಲ್ಲಿ ಇದ್ದದ್ದನ್ನು ನಾನು ನೋಡಿಯೇ ಇರಲಿಲ್ಲ. ಅಲ್ಲ ಎಂಬ ಉತ್ತರ ಹೊತ್ತು ಕುರುಗೋಡಿಗೆ ಮರಳುವುದು ನೆನೆದರೇ ನನಗೆ ಭಯವಾಗುತ್ತಿತ್ತು.

ಹೈದರಾಬಾದ್

ವಿಮಾನ ಹೈದರಾಬಾದಿನಿಂದ. ಕತ್ತಿಯನ್ನು ಗೋಣಿಪಟ್ಟೆಯಲ್ಲಿ ಸುತ್ತಿ, ಡೆನಿಮ್ ಚೀಲದಲ್ಲಿ ಹೊಲಿದು, ಸಾಮಾನಿನ ಜೊತೆ ಇಟ್ಟಿದ್ದೆ. ಒಬ್ಬ ಅಧಿಕಾರಿ ಬಿಚ್ಚಲು ಹೇಳಿ "ಇದೇಂಟಂಡಿ?" ಎಂದರು, ಇದೇನ್ರಿ ಎಂದು. ಬಳ್ಳಾರಿಯವನಿಗೆ ತೆಲುಗು ಯಾರೂ ಕಲಿಸಬೇಕಿಲ್ಲ. "ಚೆಕ್ಕ ಕತ್ತಿ ಸಾರ್" ಎಂದೆ, ಮರದ ಕತ್ತಿ ಎಂದು. ಯಾಕೆ ಎಂದರು. ಕಲಿಯಲಿಕ್ಕೆ ಎಂದೆ. ಅವರು ನನ್ನ ಬಿಳಿ ಬೆರೆತ ಮೀಸೆ ನೋಡಿದರು, ಹೊಟ್ಟೆ ನೋಡಿದರು, ಮತ್ತೆ ಕತ್ತಿ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಹಿಡಿದು, ಸುತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಒಂದು ಸಲ ಮೆಲ್ಲಗೆ ಬೀಸಿದರು. ಕಾಲು ತಪ್ಪಾಗಿತ್ತು. ಹೇಳಲು ಹೋಗಲಿಲ್ಲ.

ಅತ್ತೆ ಕಟ್ಟಿಕೊಟ್ಟಿದ್ದ ಶೇಂಗಾ ಚಟ್ನಿಪುಡಿಯ ಬಗ್ಗೆ ಮಾತ್ರ ಅವರು ಕತ್ತಿಗಿಂತ ಹೆಚ್ಚು ಪ್ರಶ್ನೆ ಕೇಳಿದರು.

ಎರಡಾಗುವ ರೈಲು

ಪ್ರಾಗ್ ನಗರದಲ್ಲಿ ಇಳಿದು ರೈಲು ಹಿಡಿದೆ. ರೈಲು ಸರಿಯಾದದ್ದೇ, ಡಬ್ಬಿ ಸರಿಯಾದದ್ದಲ್ಲ. ಅಲ್ಲಿ ಕೆಲವು ರೈಲುಗಳು ನಡುದಾರಿಯ ನಿಲ್ದಾಣದಲ್ಲಿ ಎರಡು ತುಂಡಾಗಿ, ಮುಂದಿನ ಅರ್ಧ ಒಂದೂರಿಗೆ, ಹಿಂದಿನ ಅರ್ಧ ಇನ್ನೊಂದೂರಿಗೆ ಹೋಗುತ್ತವೆ. ನಮ್ಮಲ್ಲಿ ಹೀಗಾದರೆ ಡಬ್ಬಿಯ ತುಂಬ ಜನ ಎದ್ದು, ಯಾರು ಎಲ್ಲಿಗೆ ಹೋಗಬೇಕು ಎಂದು ಒಬ್ಬರಿಗೊಬ್ಬರು ಹೇಳಿ, ಜಗಳವಾಡಿ, ಕೊನೆಗೆ ಸರಿಯಾದ ಜಾಗ ಸೇರಿಸುತ್ತಾರೆ. ಅಲ್ಲಿ ಡಬ್ಬಿಯೊಳಗೆ ಬರುವಾಗ ಪ್ರತಿಯೊಬ್ಬರೂ "ದೊಬ್ರಿ ದೆನ್" ಎಂದು ನಮಸ್ಕಾರ ಹೇಳುತ್ತಾರೆ, ಇಳಿಯುವಾಗ ಹೋಗಿಬರುತ್ತೇವೆ ಎನ್ನುತ್ತಾರೆ, ನಡುವೆ ತುಟಿ ಬಿಚ್ಚುವುದಿಲ್ಲ.

ಎದುರಿಗೆ ಕೂತಿದ್ದ ಒಬ್ಬ ಅಜ್ಜಿ ನನ್ನ ಉದ್ದನೆಯ ಚೀಲವನ್ನೇ ನೋಡುತ್ತಿದ್ದಳು. ನಾನು ಊರಿನ ಹೆಸರು ಬರೆದಿದ್ದ ಫೋನು ತೋರಿಸಿದ್ದೇ ತಡ, ಅಜ್ಜಿ ಎದ್ದು ನನ್ನ ತೋಳು ಹಿಡಿದು ಪ್ಲಾಟ್‌ಫಾರ್ಮಿಗೆ ಇಳಿಸಿದಳು. ಹಿಂದಿನ ಡಬ್ಬಿಯವರೆಗೂ ಓಡಿಸಿ, ಹತ್ತಿಸಿ, ತಾನು ಮತ್ತೆ ಓಡಿ ತನ್ನ ಡಬ್ಬಿ ಹತ್ತಿದಳು. ಒಂದು ಮಾತೂ ಆಡಲಿಲ್ಲ. ನನ್ನ ಸಿರುಗುಪ್ಪದ ಸೋದರತ್ತೆಯೂ ಹೀಗೆಯೇ ತೋಳು ಹಿಡಿದು ಎಳೆಯುತ್ತಾಳೆ, ಬೈಗುಳ ಮಾತ್ರ ಜೊತೆಗಿರುತ್ತದೆ.

ತೋಮಾಶನ ಮನೆ

ನಾನು ಇಳಿದುಕೊಂಡದ್ದು ಯಾನಾ ಅವರ ಶಿಷ್ಯ ತೋಮಾಶನ ಮನೆಯಲ್ಲಿ. ಬಾಗಿಲು ತುಂಬುವ ಆಳು, ಊರಿನಲ್ಲಿ ಬ್ರೆಡ್ಡು ಸುಡುವ ಕೆಲಸ. ನನ್ನ ಹಾಗೆಯೇ ಅರ್ಧಂಬರ್ಧ ಇಂಗ್ಲಿಷು, ಹಾಗಾಗಿ ಇಬ್ಬರಿಗೂ ಚೆನ್ನಾಗಿ ಅರ್ಥವಾಯಿತು. ಯುರೋಪಿನವರು ಬೂಟು ಹಾಕಿಕೊಂಡೇ ಮನೆಯೊಳಗೆ ಓಡಾಡುತ್ತಾರೆ ಎಂದು ತಿಳಿದು ನಾನು ಬೂಟಿನಲ್ಲೇ ಒಳಗೆ ಕಾಲಿಟ್ಟೆ. ತೋಮಾಶ್ ನನ್ನ ಕಾಲನ್ನೇ ನೋಡಿದ. ಅಲ್ಲಿ ಬಾಗಿಲಲ್ಲೇ ಬೂಟು ಬಿಡಬೇಕು, ನಮ್ಮ ಹಾಗೆಯೇ. ಹುಟ್ಟಿದಾಗಿನಿಂದ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟವನು, ನಾನು ಕಂಡ ಒಂದೇ ಒಂದು ಪರದೇಶದಲ್ಲಿ, ಬಿಡಬೇಕಾದ ಕಡೆಯೇ ಬಿಡದೆ ನಿಂತಿದ್ದೆ.

ಊಟಕ್ಕೆ ಹಬೆಯಲ್ಲಿ ಬೇಯಿಸಿದ ಹಿಟ್ಟಿನ ಉಂಡೆಯನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ದು ಸಾರಿನ ಜೊತೆ ಕೊಟ್ಟ. ಇದು ನಮ್ಮ ಕಡುಬು ಎಂದೆ. ಅಲ್ಲ, ಇದು ನಮ್ಮದು ಎಂದ. ಚಟ್ನಿಪುಡಿ ತೆಗೆದು ಅವನ ತಟ್ಟೆಗೆ ಉದುರಿಸಿದೆ. ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡು, ಡಬ್ಬಿಯನ್ನು ತನ್ನ ಕಡೆ ಎಳೆದುಕೊಂಡ. ವಾರ ಮುಗಿಯುವವರೆಗೂ ಅದು ನನ್ನ ಕಡೆ ಬರಲಿಲ್ಲ.

ಗರಡಿ, ಮೊದಲ ದಿನ

ಊರಿನ ಹಳೆಯ ವ್ಯಾಯಾಮ ಶಾಲೆಯೇ ಅವರ ಗರಡಿ. ಮರದ ನೆಲ, ಎತ್ತರದ ಕಿಟಕಿ, ಬೆವರಿನ ವಾಸನೆ. ಆ ವಾಸನೆ ಲೋಕದ ಎಲ್ಲ ಗರಡಿಗೂ ಒಂದೇ ಎಂದು ಕಾಣುತ್ತದೆ. ಯಾನಾ ಐವತ್ತು ದಾಟಿದ ಹೆಂಗಸು, ಸಪೂರ ಮೈ, ಶಾಲೆಯಲ್ಲಿ ವಿಜ್ಞಾನ ಹೇಳುವವರು. ಅವತ್ತು ಅಲ್ಲಿನವರೆಲ್ಲ ಸೆಕೆ ಸೆಕೆ ಎಂದು ನರಳುತ್ತಿದ್ದರು. ನಾನು ಸ್ವೆಟರು ಹಾಕಿಕೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ.

ನನ್ನ ಕೋಟಿಗೆ ಬಂದ ಮರ್ಯಾದೆ ಹೇಳಲೇಬೇಕು. ಎಲ್ಲರೂ ಮುಟ್ಟಿ, ಹಿಂಡಿ, ಒಳಗಿನ ಹೊಲಿಗೆ ನೋಡಿದರು. ಕಸುಬಿನ ಚಟಕ್ಕೆ ನಾನು ಅದಕ್ಕೆ ಜೀನ್ಸಿನ ಹಾಗೆ ಐದು ಜೇಬು ಇಟ್ಟಿದ್ದೆ, ಚಿಲ್ಲರೆ ಹಾಕುವ ಪುಟ್ಟ ಜೇಬೂ ಸೇರಿ. ಕತ್ತಿ ಕಾಳಗದ ಕೋಟಿಗೆ ಜೇಬು ಯಾಕೆ ಎಂದು ಯಾನಾ ಕೇಳಿದರು. ಪುಟ್ಟ ಜೇಬಿನಿಂದ ಒಂದು ರೂಪಾಯಿ ನಾಣ್ಯ ತೆಗೆದು ತೋರಿಸಿದೆ.

ಆಮೇಲೆ ನಿಲ್ಲುವ ಭಂಗಿಗಳು. ಎತ್ತು, ನೇಗಿಲು, ಪೆದ್ದ, ಮಾಳಿಗೆ. ಯಾನಾ ನನ್ನ ಸುತ್ತ ಒಂದು ಸುತ್ತು ಬಂದು, ಮೊಣಕಾಲು ನೋಡಿ, ಮೊಣಕೈ ನೋಡಿ, ಎಲ್ಲರನ್ನೂ ಕರೆದು "ಇವನನ್ನು ನೋಡಿ, ಚಿತ್ರದಿಂದ ಎದ್ದು ಬಂದ ಹಾಗೆ ನಿಂತಿದ್ದಾನೆ" ಎಂದರು. ನನಗೆ ಕುಣಿಯುವಷ್ಟು ಸಂತೋಷವಾಯಿತು. ಮಧ್ಯಾಹ್ನದ ಬಿಡುವಿನಲ್ಲೇ ಮಾವನಿಗೆ ಫೋನು ಮಾಡಿ ಹೇಳಿದೆ. ಅವರು ಕಟ್ಟೆಯ ಮೇಲೆ ಕೂತಿದ್ದವರಿಗೆಲ್ಲ ಹೇಳುತ್ತಿರುವುದು ನನಗೇ ಕೇಳಿಸಿತು.

ಎರಡನೆಯ ದಿನ

ಎರಡನೆಯ ದಿನ ಮುಖಕ್ಕೆ ಜಾಲರಿಯ ಮುಖವಾಡ ಕಟ್ಟಿ, ಪ್ಲಾಸ್ಟಿಕ್ ಕತ್ತಿ ಕೊಟ್ಟು ತೋಮಾಶನ ಎದುರಿಗೆ ಬಿಟ್ಟರು. ನಾನು ಬೀಸಿದ್ದೆಲ್ಲ ಅವನ ಕತ್ತಿಗೆ ತಗುಲಿತು. ಅವನು ಬೀಸಿದ್ದೆಲ್ಲ ನನಗೆ ತಗುಲಿತು. ತಲೆ, ತೋಳು, ಮತ್ತೆ ತಲೆ. ಒಂದು ಸಲ ಮುನ್ನುಗ್ಗುವಾಗ ನನ್ನ ಕಾಲು ಅವನ ಕಾಲಿಗೆ ತಗುಲಿಬಿಟ್ಟಿತು. ಕೈ ತಾನೇ ಕೆಳಗೆ ಹೋಗಿ, ಅವನನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಳ್ಳಲು ಮೇಲೆ ಬಂದು ಜಾಲರಿಗೆ ಬಡಿಯಿತು. ಬಗ್ಗಿದ ನನ್ನ ಬೆನ್ನಿನ ಮೇಲೆ ತೋಮಾಶ್ ಕತ್ತಿಯನ್ನು ಮೆಲ್ಲಗೆ ಇಟ್ಟ. ಹೊಡೆಯಲು ಅವನಿಗೂ ಮನಸ್ಸಾಗಿರಲಿಕ್ಕಿಲ್ಲ.

ಯಾನಾ ನಿಲ್ಲಿಸಿದರು. ತೋಮಾಶನನ್ನು ಸರಿಸಿ ತಾವೇ ಬಂದು ನಿಂತು, ತಮ್ಮ ಕತ್ತಿಯನ್ನು ಕೆಳಗಿಳಿಸಿಬಿಟ್ಟರು. "ನಾನು ತಡೆಯುವುದಿಲ್ಲ. ತಲೆಗೆ ಹೊಡಿ."

ಎತ್ತಿದೆ. ಕಾಲು ಸರಿ, ಸೊಂಟ ಸರಿ, ಕೈ ಸರಿ. ಕತ್ತಿ ಇಳಿದು ಅವರ ತಲೆಯ ಪಕ್ಕದ ಗಾಳಿಯಲ್ಲಿ, ಅವರು ಎತ್ತಿದ್ದರೆ ಅವರ ಕತ್ತಿ ಎಲ್ಲಿರುತ್ತಿತ್ತೋ ಸರಿಯಾಗಿ ಅಲ್ಲಿ ನಿಂತಿತು. ಮತ್ತೊಮ್ಮೆ ಎಂದರು. ಮತ್ತೆ ಅಲ್ಲೇ.

"ನೀನು ಕತ್ತಿಗೆ ಹೊಡೆಯುತ್ತೀಯ" ಎಂದರು. "ಮನುಷ್ಯನಿಗಲ್ಲ. ಯಾರ ಜೊತೆ ಕಲಿತೆ?"

ಹೇಳಿದೆ. ಹೆಂಡತಿಯ ಅಪ್ಪನ ಜೊತೆ. ನಮ್ಮಲ್ಲಿ ಅಳಿಯನಾದವನು ಮಾವನ ಎದುರು ಕಾಲು ಚಾಚಿ ಕೂರುವುದಿಲ್ಲ, ಮಾವನಾದವನು ಅಳಿಯನನ್ನು ಹೆಸರು ಹಿಡಿದು ಕರೆಯುವುದಿಲ್ಲ. ಇನ್ನು ತಲೆಯ ಮೇಲೆ ಕತ್ತಿ ಇಡುವುದೆಲ್ಲಿ ಬಂತು? ಗರಡಿಗೆ ಗರಡಿಯೇ ನಕ್ಕಿತು. ಕೆಟ್ಟ ನಗೆಯಲ್ಲ, ಒಬ್ಬನಂತೂ ಬಂದು ಭುಜ ತಟ್ಟಿದ. ಆದರೂ ನನಗೆ ನಾಚಿಕೆಯಾಯಿತು. ಇಷ್ಟು ವರ್ಷದ ಭಾನುವಾರಗಳು, ಆ ಬಿಸಿಲು, ಆ ಠಕ್ ಠಕ್ ಎಲ್ಲ ಬಯಲಾಟದ ತಾಲೀಮೇ ಆಗಿಹೋಯಿತಲ್ಲ! ಕಂಪೌಂಡಿನ ಆಚೆಯಿಂದ ಪಾರ್ಟು ಯಾವುದು ಎಂದು ಕೇಳಿದವರೇ ಸರಿಯಾಗಿ ನೋಡಿದ್ದರು.

ಮಧ್ಯಾಹ್ನ ಫೋನು ಮಾಡುವುದೋ ಬೇಡವೋ ಎಂದು ಕೂತಿದ್ದೆ. ಮಾವನೇ ಮಾಡಿದರು.

"ಇವತ್ತ ಏನಂದ್ರು ಅಳಿಯಾರ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ನಾನು ಕತ್ತಿಗೆ ಹೊಡೀತೀನಂತ್ರಿ ಮಾವಾರ. ಮನಷ್ಯಾಗ ಹೊಡಿಯಂಗಿಲ್ಲಂತ. ಕೊನೀ ದಿನದ ಕಾಳಗಕ್ಕ ಬಿಡತಾರೋ ಇಲ್ಲೋ ಗೊತ್ತಿಲ್ಲ."

ಆ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು.

"ಒಂದು ಮಾತು ಹೇಳತೀನಿ, ಸಿಟ್ಟಾಗಬ್ಯಾಡ್ರಿ. ಅದು ನನಗ ಗೊತ್ತಿತ್ತು. ಎಷ್ಟೋ ಸಲ ನಿಮ್ಮ ತಲಿ ಖಾಲಿ ಸಿಗತಿತ್ತು. ಆದ್ರ ಅಳಿಯಂದಿರ ತಲಿ ಮ್ಯಾಲೆ ಇಡಾಕ ಕೈ ಏಳಬೇಕಲ್ರಿ? ಅಡಗಿ ಮನ್ಯಾಗಿಂದ ನಿಮ್ಮ ಅತ್ತಿ ಬ್ಯಾರೆ ನೋಡತಿರತಾಳ."

"ನನ್ನ ತಲಿ ಖಾಲಿ ಸಿಗತಿತ್ತೇನ್ರಿ?"

"ಬಾಳ ಸಲ."

ಇದು ತೋಮಾಶನ ಎಲ್ಲ ಹೊಡೆತಕ್ಕಿಂತ ಜೋರಾಗಿ ತಗುಲಿತು. ಅವರ ತಲೆಯೂ ನನಗೆ ಖಾಲಿ ಸಿಕ್ಕಿದ್ದುಂಟು. ಅದನ್ನು ನಾನು ಹೇಳಲಿಲ್ಲ.

"ಈಗೇನು ಮಾಡೋದ್ರಿ?"

"ಏನು ಮಾಡೋದಂದ್ರ? ಹೊಡೀರಿ. ಅವ್ರೇನು ನಮ್ಮ ಬೀಗರೇನ್ರಿ?" ಎಂದು ಮಾವ ಫೋನು ಇಟ್ಟರು.

ಕಾಡು

ನಡುವೆ ಒಂದು ದಿನ ರಜೆ. ರಜೆ ಸಿಕ್ಕರೆ ಅಲ್ಲಿಯವರು ಬುಟ್ಟಿ ಹಿಡಿದು ಅಣಬೆ ಆರಿಸಲು ಕಾಡಿಗೆ ಹೋಗುತ್ತಾರೆ. ಮಕ್ಕಳು, ಮುದುಕರು, ಎಲ್ಲರೂ. ಯಾವುದು ತಿನ್ನುವುದು, ಯಾವುದು ತಿಂದರೆ ಸಾಯುವುದು ಎನ್ನುವುದು ನಮ್ಮವರಿಗೆ ಜೋಳದ ತಳಿ ಗೊತ್ತಿರುವಷ್ಟು ಸಲೀಸಾಗಿ ಅವರಿಗೆ ಗೊತ್ತು. ನಾನು ಆರಿಸಿದ ಒಂದೊಂದನ್ನೂ ತೋಮಾಶ್ ಬುಟ್ಟಿಯಿಂದ ತೆಗೆದು ಬಿಸಾಡಿದ. ಕೊನೆಗೆ ಬುಟ್ಟಿ ಹೊರುವ ಕೆಲಸ ಕೊಟ್ಟ.

ನಡೆಯುತ್ತಾ ಅವನನ್ನು ಒಂದು ವಿಷಯ ಕೇಳಿದೆ. ಅವರ ಕಾಳಗದಲ್ಲಿ ಪೆಟ್ಟು ತಗುಲಿತೋ ಇಲ್ಲವೋ ಎಂದು ಹೇಳಲು ಅಂಪೈರು ಇರುವುದಿಲ್ಲ. ಪೆಟ್ಟು ತಿಂದವನೇ ನಿಂತು, ತಗುಲಿದ ಜಾಗ ಮುಟ್ಟಿ ತೋರಿಸಿ, ಕೈ ಮೇಲೆತ್ತಿ ಒಪ್ಪಿಕೊಳ್ಳಬೇಕು. ಹೊಡೆದವನು ಸುಮ್ಮನಿರಬೇಕು. ನಮ್ಮ ಗಾಂಧಿನಗರದ ಓಣಿಯಲ್ಲಿ ಕ್ರಿಕೆಟ್ ಆಡುವಾಗ ಸ್ಟಂಪು ಮೂರೂ ಬಿದ್ದರೂ ಔಟ್ ಎಂದು ಒಪ್ಪಿದ ಒಬ್ಬನನ್ನು ನಾನು ಕಂಡಿಲ್ಲ. ಗಾಳಿಗೆ ಬಿತ್ತು ಎನ್ನುತ್ತಾರೆ.

"ಒಪ್ಪಿಕೊಳ್ಳದಿದ್ದರೆ?" ಎಂದೆ.

ತೋಮಾಶನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಅವನು ನನಗೆ ಹೊಡೆದಿದ್ದಾನೆ. ಚೆನ್ನಾಗಿ ಹೊಡೆದಿದ್ದಾನೆ. ನಾನು ಹೇಳದಿದ್ದರೆ ಅವನಿಗೆ ಹೇಗೆ ಗೊತ್ತಾಗಬೇಕು? ನೀನು ನನಗೆ ಹೊಡೆಯದಿದ್ದರೆ ನನ್ನ ಬಾಗಿಲು ಎಲ್ಲಿ ತೆರೆದಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ನೀನು ನನ್ನನ್ನು ಬಾಗಿಲು ತೆರೆದಿಟ್ಟೇ ಮಲಗಿಸುತ್ತಿದ್ದೀಯ."

ಮರ್ಯಾದೆ ಎಂದು ನಾನು ತಿಳಿದದ್ದು ಅವನಿಗೆ ಮೋಸದ ಹಾಗೆ ಕಂಡಿತ್ತು. ಅವತ್ತು ಸಂಜೆ ಅವನ ಹಿತ್ತಿಲಲ್ಲಿ, ಅಣಬೆ ಹುರಿಯುವ ವಾಸನೆಯ ನಡುವೆ, ಮುಖವಾಡ ಹಾಕಿ ನಿಂತ ತೋಮಾಶನ ತಲೆಗೆ ನಾನು ಹೊಡೆದೆ. ಮೊದಲು ಮುಟ್ಟಿದ ಹಾಗೆ, ಆಮೇಲೆ ತಟ್ಟಿದ ಹಾಗೆ, ಆಮೇಲೆ ಹೊಡೆದ ಹಾಗೆ. ಪ್ರತಿ ಸಲವೂ ಅವನು ಕೈ ಎತ್ತಿ, ಖುಷಿಯಿಂದ "ಇನ್ನೊಂದು" ಎಂದ. ಕೈ ಮುಗಿಯಲು ಹೋಗುವ ನನ್ನ ಎಡಗೈಯನ್ನು ಕತ್ತಿಯ ಹಿಡಿಯ ಮೇಲೆ ಬಿಗಿಯಾಗಿ ಇಟ್ಟುಕೊಳ್ಳುವುದೇ ನನಗೆ ಕಷ್ಟವಾಯಿತು.

ಕೊನೆಯ ದಿನ

ಗರಡಿಯ ಹಿಂದಿನ ಹುಲ್ಲಿನ ಮೇಲೆ ಹಗ್ಗ ಕಟ್ಟಿ ಕಣ ಮಾಡಿದ್ದರು. ಊರವರು ಕೇಕು, ಬಿಯರು ಹಿಡಿದು ಸುತ್ತ ಕೂತಿದ್ದರು. ಯಾನಾ ಒಬ್ಬೊಬ್ಬರನ್ನೇ ನೋಡಿ ಕಣಕ್ಕೆ ಕಳಿಸುತ್ತಿದ್ದರು. ನನ್ನ ಸರದಿ ಬಂದಾಗ ಹೂಂ ಅನ್ನಲೂ ಇಲ್ಲ, ಉಹೂಂ ಅನ್ನಲೂ ಇಲ್ಲ. ತಾವೇ ಮುಖವಾಡ ಹಾಕಿಕೊಂಡು, ನನಗೂ ಒಂದು ಕೊಟ್ಟು, ನನ್ನ ಕೈಗೊಂದು ಉಕ್ಕಿನ ಕತ್ತಿ ಇಟ್ಟು, ಹಗ್ಗ ಎತ್ತಿ ಒಳಗೆ ಬಾ ಎಂದರು. ಅಲಗು, ಮೊನೆ ಎರಡೂ ಮೊಂಡಾದ ಕತ್ತಿಯೇ, ಆದರೂ ಅದರ ತಣ್ಣಗಿನ ತೂಕಕ್ಕೆ ಹಿಡಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದೆ.

ಮೊದಲ ಪೆಟ್ಟು ನನ್ನ ತೋಳಿಗೆ. ಮುಟ್ಟಿ ತೋರಿಸಿ ಕೈ ಎತ್ತಿದೆ. ಎರಡನೆಯದು ತಲೆಗೆ. ಮತ್ತೆ ಕೈ ಎತ್ತಿದೆ. ಒಪ್ಪಿಕೊಳ್ಳುವುದು ಅಷ್ಟೇನೂ ಕಷ್ಟವಿರಲಿಲ್ಲ, ನಮ್ಮ ಓಣಿಯವರಿಗೆ ಹೇಳಬೇಕು ಅಂದುಕೊಂಡೆ. ಆಮೇಲೆ ಯಾನಾ ಸ್ವಲ್ಪ ಹಿಂದೆ ಸರಿದು, ಕತ್ತಿಯನ್ನು ಸೊಂಟದ ಬಳಿ ಇಟ್ಟು ನಿಂತರು. ನಾನು ಬೀಸಿದೆ. ಅವರು ತಡೆದರು. ಠಣ್ ಎಂದಿತು. ಆ ಸದ್ದಿಗೆ ನಿಂತುಬಿಡುವುದು ನನ್ನ ಹಳೆಯ ಅಭ್ಯಾಸ. ನಿಲ್ಲಲಿಲ್ಲ. ಪಕ್ಕಕ್ಕೆ ಹೆಜ್ಜೆ ಇಟ್ಟೆ, ಕತ್ತಿ ತಿರುಗಿಸಿದೆ, ಇನ್ನೊಂದು ಬದಿಯಿಂದ ಅವರ ತಲೆಯನ್ನೇ ನೋಡಿ ಇಳಿಸಿದೆ.

ಜಾಲರಿಗೆ ಉಕ್ಕು ತಗುಲಿದ ಸದ್ದು ಬೇರೆಯೇ. ಯಾನಾ ನಿಂತರು. ತಲೆಯ ಎಡಭಾಗ ಮುಟ್ಟಿ ತೋರಿಸಿ, ಎಲ್ಲರಿಗೂ ಕಾಣುವ ಹಾಗೆ ಕೈ ಎತ್ತಿದರು. ಹಗ್ಗದ ಆಚೆಯಿಂದ ತೋಮಾಶ್ ತನ್ನ ಭಾಷೆಯಲ್ಲಿ ಏನೋ ಕೂಗಿದ, ಊರವರು ಚಪ್ಪಾಳೆ ತಟ್ಟಿದರು. ನನಗೆ ಅಳು ಬಂತು. ಮುಖವಾಡವಿದ್ದದ್ದು ಒಳ್ಳೆಯದಾಯಿತು.

ಆಮೇಲೆ ಇನ್ನೂ ಮೂರ್ನಾಲ್ಕು ಜನರ ಜೊತೆ ಆಡಿದೆ, ಎಲ್ಲರ ಬಳಿಯೂ ಸೋತೆ. ಸಂಜೆ ಯಾನಾ ಅವರನ್ನು ನೇರವಾಗಿ ಕೇಳಿದೆ: ನಾನೂ ನನ್ನ ಮಾವನೂ ಇಷ್ಟು ವರ್ಷ ಮಾಡಿದ್ದು ಕತ್ತಿವಿದ್ಯೆ ಹೌದೋ ಅಲ್ಲವೋ?

ಅವರು ಕೇಕಿನ ತಟ್ಟೆ ಕೆಳಗಿಟ್ಟು ಯೋಚಿಸಿದರು. "ಅರ್ಧ" ಎಂದರು. "ಕಾಲು, ಕೈ, ತಾಳ್ಮೆ ಎಲ್ಲ ಇದೆ. ಒಂಟಿಯಾಗಿ ಕಲಿಯುವವರಿಗೆ ಎದುರಿಗೆ ನಿಲ್ಲುವ ಜನ ಸಿಗುವುದಿಲ್ಲ. ನಿನಗೆ ಸಿಕ್ಕಿದ್ದಾರೆ. ಇನ್ನರ್ಧ ಅವರ ಜೊತೆಯೇ ಮುಗಿಸಬೇಕು." ಹಾಗೆಂದು ಒಳಗೆ ಹೋಗಿ ಒಂದು ಹಳೆಯ ಜಾಲರಿ ಮುಖವಾಡ ತಂದರು. "ಅವರ ತಲೆ ಎಷ್ಟು ದೊಡ್ಡದು?"

ಕಟಿಂಗ್ ಮಾಸ್ಟರನನ್ನು ಕೇಳಬೇಕೆ? ಮಾವನ ತಲೆಯ ಸುತ್ತಳತೆಯನ್ನು ಕೈಯಲ್ಲೇ ತೋರಿಸಿದೆ. ಸರಿಹೋಯಿತು.

ಮತ್ತೆ ಕುರುಗೋಡು

ಊರಿಗೆ ಬಂದ ಮೊದಲ ಭಾನುವಾರವೇ ನಾನೂ ಸುಜಾತಳೂ ಹೋದೆವು. ಬಸ್ಸಿನಿಂದ ಇಳಿದು ಓಣಿ ಹೊಕ್ಕರೆ ಮಾವ ಸೀಟಿ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಸುಜಾತ ಅಪ್ಪನಿಗೆ ಮುಖವಾಡ ಕೊಟ್ಟಳು. ತಿರುಗಿಸಿ ಮುರುಗಿಸಿ ನೋಡಿ, ಜಾಲರಿಗೆ ಬೆರಳಿನಿಂದ ಬಡಿದು, ಹಾಕಿಕೊಂಡೇ ಚಹಾ ಕುಡಿಯಲು ಹೋದರು.

ನಾನು ಯಾನಾ ಹೇಳಿದ್ದನ್ನು ಒಂದೂ ಬಿಡದೆ ಹೇಳಿದೆ. ಅರ್ಧ ಎಂದದ್ದನ್ನೂ.

"ಅರ್ಧ ಅಂದ್ರ ಪಾಸೇ ಬಿಡ್ರಿ. ನಮ್ಮ ಸಾಲ್ಯಾಗ ಮೂವತ್ತೈದಕ್ಕ ಪಾಸು" ಎಂದರು. ಚಹಾ ಲೋಟ ಕೆಳಗಿಟ್ಟು, "ಆದ್ರೂ ಹುಡುಗ್ಯಾರ ಮುಂದ ಹೋಗೋಕಿಂತ ಮೊದ್ಲು ನಾವಿಬ್ರು ಹೊಡಕೋಬೇಕು ಅಳಿಯಾರ. ಇಲ್ಲಂದ್ರ ಅವ್ರಿಗೂ ಕೋಲು ಬಡಿಯೋದ ಕಲಿಸಿದಂಗ ಆಕ್ಕತಿ. ನಡೀರಿ."

ಅಂಗಳಕ್ಕೆ ಇಳಿದೆವು. ಅತ್ತೆ ಕಟ್ಟೆಗೆ ಬಂದು ಕೂತರು, ಸುಜಾತ ಪಕ್ಕದಲ್ಲಿ. ಮಾವನಿಗೆ ಮುಖವಾಡ, ನನಗೆ ಹಳೆಯ ಕ್ರಿಕೆಟ್ ಹೆಲ್ಮೆಟ್ಟು, ಎದುರುಬದುರು ನಿಂತೆವು. ಮರದ ಕತ್ತಿಗಳು ಮೇಲೆದ್ದವು. ಜಾಲರಿಯೊಳಗೆ ಮಾವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ಅವರ ತಲೆ ಖಾಲಿ ಇತ್ತು. ಕಣ್ಣಿಗೆ ಕಾಣುವಷ್ಟು ಖಾಲಿ. ಜೆಕ್ ದೇಶದ ಗುರುವಿನ ತಲೆಗೆ ಹೊಡೆದು ಬಂದ ಕೈ ಅಲ್ಲಿ ಏಳಲಿಲ್ಲ. ಇವರು ನನಗೆ ಹೆಣ್ಣು ಕೊಟ್ಟವರು, ನನ್ನ ಕೋಟು ಹಾಕಿಕೊಂಡು ಬಿಸಿಲಲ್ಲಿ ಬೆಂದವರು. ನಾನು ಹಾಗೇ ನಿಂತಿದ್ದೆ.

ಧಪ್ ಎಂದಿತು. ನನ್ನ ತಲೆಯ ನಡುಮಧ್ಯ. ಕಿವಿಯಲ್ಲಿ ಗುಂಯ್ ಎಂದಿತು.

"ಬಿತ್ತು ನೋಡಲೇ!" ಎಂದು ಮಾವ ಕೂಗಿದರು.

"ಅಯ್ಯೋ, ಅಳಿಯಂದಿರಿಗೆ ಹೊಡದ್ರೇನ್ರೀ!" ಎಂದು ಅತ್ತೆ ಎದ್ದೇಬಿಟ್ಟರು. ಸುಜಾತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಮಾವ ತಾವು ಆಡಿದ್ದು ತಮಗೇ ಕೇಳಿಸಿ, ಕತ್ತಿ ಕೆಳಗಿಳಿಸಿ, ಮುಖವಾಡ ತೆಗೆಯಲು ಹೋದರು.

ನಾನು ತಲೆ ಮುಟ್ಟಿ ತೋರಿಸಿದೆ. ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲೆತ್ತಿದೆ.

"ಬಿತ್ತ್ರಿ ಮಾವಾರ. ಚೊಲೋ ಬಿತ್ತು. ಮುಖವಾಡ ತೆಗೀಬ್ಯಾಡ್ರಿ" ಎಂದು ಹೇಳಿ, ಮತ್ತೆ ಕತ್ತಿ ಎತ್ತಿ, ಈ ಸಲ ಅವರ ತಲೆಯನ್ನೇ ನೋಡುತ್ತಾ ನಿಂತೆ.